ಚಿತ್ರಕಾರ ವಿಸ್ಲರ್ ಲೋಹದ ಪ್ಲೇಟಿನಲ್ಲಿ ಕೊರೆದು ಅಚ್ಚು ತೆಗೆದ ವೆನಿಸ್ ರಾತ್ರಿಯ ಎಚಿಂಗ್ ‘ನಾಕ್ಟರ್ನ್’ನಲ್ಲಿ ಇರುವುದು ದುಃಖವೋ, ಶಾಂತಿಯೋ? ಅಸೈನ್‌ಮೆಂಟ್‌ಗೆ ಏನಂತ ಬರೆಯಲಿ?

ಅಯ್ಯೋ, ಅದೇ ಚಿತ್ರ! ನಾನು ‘ದುಃಖ’ ಅಂತ ಬರೆದು ಕೆಟ್ಟವನು.

ಬಿಎಫ್‌ಎ ಮೂರನೇ ವರ್ಷದ ಸೆಮಿನಾರ್. ನೆಟ್‌ನಲ್ಲಿ ಸಿಕ್ಕ ಫೋಟೊ ಕಡುಗಪ್ಪಾಗಿತ್ತು, ನೀರಿಗೂ ಆಕಾಶಕ್ಕೂ ಮಸಿ ಬಳಿದ ಹಾಗೆ. ಜೊತೆಗೆ ಕಥೆಯೂ ಸಿಕ್ಕಿತು. ವಿಸ್ಲರ್ 1878ರಲ್ಲಿ ವಿಮರ್ಶಕ ರಸ್ಕಿನ್ ಮೇಲೆ ಹಾಕಿದ್ದ ಮಾನನಷ್ಟ ಕೇಸು ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ! ಮರುವರ್ಷ ದಿವಾಳಿ. ಆಗ ಲಂಡನ್ನಿನ ಫೈನ್ ಆರ್ಟ್ ಸೊಸೈಟಿ 12 ಎಚಿಂಗ್ ಮಾಡಿಕೊಡು ಅಂತ ವೆನಿಸ್‌ಗೆ ಕಳಿಸಿತು. ದಿವಾಳಿಯಾದವನು, ಕತ್ತಲ ನೀರು. ಇನ್ನೇನು ಬೇಕು? ಹದಿನೈದು ಪುಟ ಎಳೆದೆ.

ಮೇಡಂ ಪೂರ್ತಿ ಕೇಳಿಸಿಕೊಂಡು, “ಇದು ಯಾವ ಪ್ರತಿ?” ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅವರು ಇನ್ನೊಂದು ಚಿತ್ರ ಹಾಕಿದರು. ಅದೇ ಹಡಗು, ಅದೇ ಕಂಬ, ಅದೇ ಗೆರೆ. ಆದರೆ ಬೆಳಗಿನ ಜಾವದ ಹಾಗೆ ತಿಳಿ. ಎರಡೂ ಒಂದೇ ಪ್ಲೇಟಿನಿಂದ ತೆಗೆದವು!

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ಎಚಿಂಗ್‌ನಲ್ಲಿ ಆಸಿಡ್ ಕೊರೆದ ಗೆರೆಯೊಳಗೆ ಇಂಕ್ ಕೂರುತ್ತದೆ, ಪ್ಲೇಟಿನ ಮೇಲಿನದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇವೆ. ವಿಸ್ಲರ್ ಇಲ್ಲಿ ಪೂರ್ತಿ ಒರೆಸಲೇ ಇಲ್ಲ, ಇಂಕಿನ ತೆಳು ಪೊರೆ ಬಿಟ್ಟ. ಜಾಸ್ತಿ ಬಿಟ್ಟರೆ ನಡುರಾತ್ರಿ, ಕಮ್ಮಿ ಬಿಟ್ಟರೆ ಮುಸ್ಸಂಜೆ. ಹಾಗಾಗಿ ಒಂದು ಪ್ರತಿ ಇದ್ದಂತೆ ಇನ್ನೊಂದಿಲ್ಲ. ನಾನೇ ಜಿಂಕ್ ಪ್ಲೇಟನ್ನು ಅಂಗೈ ಅಂಚಿನಲ್ಲಿ ಎರಡು ಸಲ ಜಾಸ್ತಿ ಉಜ್ಜಿ, ಆಕಾಶ ಬೆಳ್ಳಗಾಗಿ ಬೈಸಿಕೊಂಡವನು. ಕೈಗೆ ಗೊತ್ತಿದ್ದದ್ದು ಬರೆಯುವಾಗ ತಲೆಗೆ ಹೊಳೆಯಲಿಲ್ಲ. ಒಂದು ಪ್ರತಿಯ ಕತ್ತಲನ್ನು ತಂದು ಅವನ ಸಾಲಕ್ಕೆ ಅಂಟಿಸಿದ್ದೆ.

ಚಿತ್ರದಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಬರೆದ ಎರಡು ಪುಟವೂ ನೀರುಪಾಲು. ಅವನು ಎದುರಿಗೆ ಕಂಡದ್ದನ್ನು ನೇರವಾಗಿ ಪ್ಲೇಟಿಗೆ ಗೀರುತ್ತಿದ್ದ, ತಿರುಗಿಸಿ ಬರೆಯುತ್ತಿರಲಿಲ್ಲ. ಪ್ರಿಂಟ್‌ನಲ್ಲಿ ಬಂದಿರುವುದು ಕನ್ನಡಿಯಲ್ಲಿ ಕಂಡ ವೆನಿಸ್.

ಸೆಮಿನಾರ್ ಮತ್ತೆ ಮಾಡಬೇಕಾಯಿತು. ಸ್ಟಡಿ ಟೂರ್ ತಪ್ಪಿತು, ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಹಾಗಾಗಿ ದುಃಖವೋ ಶಾಂತಿಯೋ ಅಂತ ಆರಿಸೋದು ಬಿಡಿ. ಪ್ರಶ್ನೆಯೇ ಸರಿಯಿಲ್ಲ. ಬೇರೆ ಬೇರೆ ಮ್ಯೂಸಿಯಂಗಳ ವೆಬ್‌ಸೈಟಿನಿಂದ ಇದೇ ಚಿತ್ರದ ಮೂರು ಪ್ರತಿ ತೆಗೆದು ಪಕ್ಕಪಕ್ಕ ಇಡಿ. ಮೂರರಲ್ಲೂ ಇರುವ ಗೆರೆ ಎಷ್ಟು ಕಮ್ಮಿ ನೋಡಿ: ದೂರದಲ್ಲಿ ಸಣ್ಣದಾಗಿ ಊರು, ನೆಟ್ಟಗೆ ನಿಂತ ಹಡಗಿನ ಕಂಬಗಳು, ಮುಂದೆಲ್ಲ ಬರಿದಾದ ನೀರು. ಸಂಯೋಜನೆ ಅಂತ ಬರೆಯಬೇಕಾದ್ದು ಇಷ್ಟೇ. ಮೂಡ್ ಬಗ್ಗೆ ಬರೆಯುವಾಗ ಯಾವ ಪ್ರತಿ ಅಂತ ಮೊದಲ ಸಾಲಲ್ಲೇ ಹೇಳಿ. ಸಾಲಸೋಲದ ಕಥೆ ಸುಮ್ನೆ ಬೇಡ.

ಇನ್ನೊಂದು. ಕಾಗದದ ಅಂಚಲ್ಲಿ ಕಿವಿಯ ಹಾಗೆ ಸಣ್ಣ ತುಂಡು ಚಾಚಿಕೊಂಡಿದೆಯಾ ನೋಡಿ. ವಿಸ್ಲರ್ ಪ್ಲೇಟಿನ ಗುರುತಿನವರೆಗೂ ಕಾಗದ ಕತ್ತರಿಸಿ, ತನ್ನ ಚಿಟ್ಟೆ ಆಕಾರದ ಸಹಿಗೆ ಅಷ್ಟೇ ಜಾಗ ಬಿಡುತ್ತಿದ್ದ. ಅಂಚೇ ಕಾಣದ ಹಾಗೆ ಕ್ರಾಪ್ ಮಾಡಿದ ಫೋಟೊ ಆದರೆ, ಅದನ್ನು ನಂಬಿ ಬರೆಯಲೇಬೇಡಿ.