ಗೋಣಿಕೊಪ್ಪದ ತಂಗಿಗೆ: ಹೃದಯದ ಲ್ಯಾಬು ಮತ್ತು ನಾಲ್ಕು ಗಂಟೆಯ ಕತ್ತಲು

ತಂಗಿ, ಎಂ.ಫಾರ್ಮ್ ಮುಗಿಸಿದ್ದೀಯ, ಔಷಧಗಳಿಂದ ಹೃದಯಕ್ಕಾಗುವ ಅಪಾಯ ಅಳೆಯುವ ಪಿಎಚ್‌ಡಿಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿದೆ. ಕೆಲಸ ಹೇಗಿರುತ್ತದೆ, ಏನು ಕಲಿತು ಬರಲಿ, ಚಳಿ ತಡೆಯಬಹುದಾ ಅಂತ ಕೇಳಿದ್ದೀಯ. ಚಳಿ ಕೊನೆಗೆ.

ಈ ಉದ್ಯೋಗ ಬೆಳೆದದ್ದೇ ಟರ್ಫೆನಡೀನ್‌ನಂಥ ಮಾತ್ರೆಗಳಿಂದ. ಅಲರ್ಜಿಗೆ ಕೊಡುತ್ತಿದ್ದ ಅದನ್ನು ಪಿತ್ತಜನಕಾಂಗ ಬೇಗನೆ ಫೆಕ್ಸೊಫೆನಡೀನ್ ಆಗಿ ಬದಲಿಸುತ್ತದೆ. ಜೊತೆಗೆ ಕೀಟೊಕೊನಜೋಲ್ ಎಂಬ ಶಿಲೀಂಧ್ರದ ಔಷಧ ನುಂಗಿದರೆ ಹಾಗೆ ಬದಲಿಸುವ ಕಿಣ್ವಕ್ಕೆ ತಡೆ ಬಿದ್ದು ಮೂಲ ಔಷಧವೇ ರಕ್ತದಲ್ಲಿ ಉಳಿಯುತ್ತದೆ. ಅದು ಹೃದಯಕೋಶದ ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲ್ಲನ್ನು (ಪೊಟ್ಯಾಸಿಯಂ ಹೊರಹೋಗುವ ಬಾಗಿಲು) ಮುಚ್ಚುತ್ತದೆ, ಇಸಿಜಿಯಲ್ಲಿ ಕ್ಯೂಟಿ, ಅಂದರೆ ಪ್ರತಿ ಬಡಿತಕ್ಕೆ ಕೆಳಕೋಣೆಗಳು ವಿದ್ಯುತ್ತಿನಲ್ಲಿ ಉದ್ರೇಕಗೊಂಡು ಮರಳಿ ಶಾಂತವಾಗುವ ಅವಧಿ, ಉದ್ದವಾಗುತ್ತದೆ, ಕೆಲವರ ಹೃದಯ ಲಯ ತಪ್ಪಿ ಪ್ರಾಣಕ್ಕೇ ಬರುತ್ತದೆ. 1998ರಲ್ಲಿ ಅಮೆರಿಕದಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಈಗ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವುದು ಫೆಕ್ಸೊಫೆನಡೀನ್. ಅದಕ್ಕೆ ಈ ದೋಷವಿಲ್ಲ. ಹೊಸ ಔಷಧಗಳಲ್ಲಿ ಈ ಅಪಾಯ ಪರೀಕ್ಷಿಸಲು ಐಸಿಎಚ್ ಎಂಬ ಅಂತರರಾಷ್ಟ್ರೀಯ ಔಷಧ ನಿಯಮ ಸಂಸ್ಥೆ 2005ರಲ್ಲಿ ತಂದ ಎಸ್7ಬಿ, ಇ14 ಮಾರ್ಗಸೂಚಿಗಳ ಹಿಂದಿರುವುದು ಇಂಥ ಪ್ರಕರಣಗಳೇ.

ನಿನ್ನ ದಿನದ ಬಹುಪಾಲು ಪ್ಯಾಚ್ ಕ್ಲ್ಯಾಂಪ್ ಮುಂದೆ ಹೋಗುತ್ತದೆ, ಒಂದೇ ಕೋಶಕ್ಕೆ ಸಣ್ಣ ಗಾಜಿನ ಕೊಳವೆ ಅಂಟಿಸಿ ಅದರ ಚಾನೆಲ್‌ಗಳ ಕರೆಂಟು ಅಳೆಯುವ ಉಪಕರಣ ಅದು. ಆ ಗಾಜಿನ ಪಿಪೆಟ್‌ನ ರೋಧ 2ರಿಂದ 5 ಮೆಗಾಓಮ್ ಇರಲಿ, ಕೋಶಕ್ಕೆ ಅಂಟಿದ ಸೀಲ್ 1 ಗಿಗಾಓಮ್ ದಾಟಲಿ. ಕೋಶವನ್ನು ಮೈನಸ್ 80 ಮಿಲಿವೋಲ್ಟಿನಲ್ಲಿ ಹಿಡಿದು, ಪ್ಲಸ್ 40ಕ್ಕೆ ಏರಿಸಿ, ಮೈನಸ್ 50ಕ್ಕೆ ಇಳಿಸುತ್ತಾರೆ. ಅಳೆಯುವುದು ಇಳಿಸಿದ ಮೇಲೆ ಬರುವ ಬಾಲದ ಕರೆಂಟನ್ನು. ಪ್ಲಸ್ 40ರಲ್ಲಿ ಈ ಚಾನೆಲ್ ತೆರೆದರೂ ತಕ್ಷಣ ಜಡವಾಗುತ್ತದೆ. ಮೈನಸ್ 50ರಲ್ಲಿ ಜಡತೆ ಬೇಗ ಕಳಚುತ್ತದೆ, ಮುಚ್ಚಿಕೊಳ್ಳುವುದು ಮಾತ್ರ ನಿಧಾನ.

ಕೆಡುವುದು ಎಲ್ಲಿ ಅಂದರೆ, ಔಷಧ ಹಾಕದಿದ್ದರೂ ಕರೆಂಟು ತಾನಾಗಿ ಕುಸಿಯುತ್ತಾ ಹೋಗುತ್ತದೆ. ಹೊಸಬರು ಅದನ್ನೇ ಔಷಧದ ಪ್ರಭಾವ ಅಂತ ಬರೆದುಬಿಡುತ್ತಾರೆ. ಕರೆಂಟು ಕೆಲವು ನಿಮಿಷ ಅಲುಗದೆ ನಿಂತ ಮೇಲೆ ಔಷಧ ಹಾಕು, ಔಷಧವಿಲ್ಲದೆ ಅದನ್ನು ಕರಗಿಸುವ ಡಿಎಂಎಸ್‌ಒ ದ್ರಾವಕವನ್ನಷ್ಟೇ ಹಾಕಿದ ಕೋಶಗಳನ್ನೂ ಅಷ್ಟೇ ಹೊತ್ತು ಓಡಿಸು, ಕೊನೆಗೆ ಇ-4031 ಎಂಬ ಹರ್ಗ್ ತಡೆಯುವ ರಾಸಾಯನಿಕ ಹಾಕಿ ಚಾನೆಲ್ ಪೂರ್ತಿ ಮುಚ್ಚಿ, ಉಳಿದ ಕರೆಂಟನ್ನು ಲೆಕ್ಕದಿಂದ ಕಳೆ. ಕೆಡುವ ಎರಡನೆಯ ಜಾಗ ಇನ್ನೂ ಮೋಸದ್ದು. ಜಿಡ್ಡಿಗೆ ಒಲಿಯುವ ಔಷಧಗಳು ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಂಡು ಕೋಶಕ್ಕೆ ತಲುಪುವುದೇ ಕಡಿಮೆ, ಅಪಾಯದ ಮಾತ್ರೆಯೂ ಸಾಧುವಾಗಿ ಕಾಣುತ್ತದೆ. ಕೋಶ ಕೂತಿರುವ ದ್ರಾವಣವನ್ನೇ ತೆಗೆದು ಸಾಂದ್ರತೆ ಅಳೆಸು.

ದ್ರಾವಣ ಮಾಡುವುದು ಸಣ್ಣ ಕೆಲಸ ಅಂದುಕೊಳ್ಳಬೇಡ. 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿಗೆ ಲೀಟರಿಗೆ 0.2 ಗ್ರಾಂ ಸಾಕು, ಅದು ನೀರಿಲ್ಲದ ಪುಡಿಯಾದರೆ. ಡಬ್ಬಿಯಲ್ಲಿರುವುದು ನೀರು ಸೇರಿದ ಡೈಹೈಡ್ರೇಟ್ ಆದರೆ 0.265 ಗ್ರಾಂ ಬೇಕು. ಲೇಬಲ್ ಓದದೆ 0.2 ಗ್ರಾಂ ಹಾಕಿದರೆ ಸಾಂದ್ರತೆ 1.36 ಮಿಲಿಮೋಲಾರಿಗೇ ನಿಲ್ಲುತ್ತದೆ. ಪ್ರಾಣಿಯಿಂದ ಹೊರತೆಗೆದ ಇಡೀ ಹೃದಯಕ್ಕೆ ಹರಿಸುವ ಕ್ರೆಬ್ಸ್ ಎಂಬ ಲವಣದ ದ್ರಾವಣಕ್ಕೆ ಮೊದಲು 95:5 ಆಮ್ಲಜನಕ–ಇಂಗಾಲದ ಡೈಆಕ್ಸೈಡ್ ಬಿಡು, ಕ್ಯಾಲ್ಸಿಯಂ ಆಮೇಲೆ. ತಿರುಗುಮುರುಗಾದರೆ ಬಿಳಿ ಗಸಿ. ಮಹಾಪಧಮನಿಗೆ ಗಾಳಿಗುಳ್ಳೆ ಹೊಕ್ಕರೆ ಆ ದಿನ ಮುಗಿದಂತೆ. ಇಲಿಯ ಹೃದಯದಲ್ಲಿ ಕ್ಯೂಟಿ ಹುಡುಕಬೇಡ, ಬಡಿತ ಮುಗಿಸುವ ಕೆಲಸದಲ್ಲಿ ಅಲ್ಲಿ ಹರ್ಗ್ ಪಾತ್ರ ತೀರಾ ಕಡಿಮೆ. ಗಿನಿ ಪಿಗ್ ಅಥವಾ ಮೊಲ ಸರಿ.

ಹರ್ಗ್ ಒಂದನ್ನೇ ನೋಡಿ ತೀರ್ಪು ಕೊಡುವ ಕಾಲವೂ ಹೋಯಿತು. ವೆರಪಮಿಲ್ ಎಂಬ ರಕ್ತದೊತ್ತಡದ ಔಷಧ ಹರ್ಗ್ ಮುಚ್ಚಿದರೂ ಕ್ಯಾಲ್ಸಿಯಂ ಚಾನೆಲ್ಲನ್ನೂ ಮುಚ್ಚುವುದರಿಂದ ಆ ಲಯದೋಷ ತರುವುದು ಬಲು ಅಪರೂಪ. 2013ರಲ್ಲಿ ಶುರುವಾದ ಸಿಪಾ ಎಂಬ ಔಷಧ ಸುರಕ್ಷತಾ ಯೋಜನೆ ಹಲವು ಚಾನೆಲ್‌ಗಳನ್ನು ಕೂಡಿಸಿ ನೋಡುವುದು ಇದಕ್ಕೇ. ಬರುವ ಮುಂಚೆ ಗೈಡನ್ನು ಒಂದು ಮಾತು ಕೇಳು: ಕೈಯಿಂದ ಪ್ಯಾಚ್ ಮಾಡುವುದನ್ನು ಪಕ್ಕದಲ್ಲಿ ಕೂತು ಕಲಿಸುವವರು ಯಾರು? ಹೆಸರು ಹೇಳಲು ತಡವರಿಸಿದರೆ ಬೇರೆ ಲ್ಯಾಬು ನೋಡುವುದು ಒಳ್ಳೆಯದು. ಜೀವಂತ ಪ್ರಾಣಿಯ ಮೇಲೆ ಪ್ರಯೋಗವಾದರೆ ಬ್ರಿಟನ್ನಿನ 1986ರ ಪ್ರಾಣಿ ಪ್ರಯೋಗ ಕಾಯ್ದೆಯಡಿ ನಿನ್ನ ಹೆಸರಿನಲ್ಲೇ ಹೋಮ್ ಆಫೀಸಿನ (ಅಲ್ಲಿನ ಗೃಹ ಇಲಾಖೆ) ಲೈಸೆನ್ಸ್ ಬೇಕು. ತರಬೇತಿ, ಪರೀಕ್ಷೆ ಸೇರಿ ಸಮಯ ಹಿಡಿಯುತ್ತದೆ, ಮೊದಲ ವಾರವೇ ಅರ್ಜಿಯ ಮಾತೆತ್ತು.

ಪಿಎಚ್‌ಡಿ ಆದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾ ಮೂರು ವರ್ಷ. ಪೋಸ್ಟ್‌ಡಾಕ್ ಹುದ್ದೆಗಳು ಗ್ರ್ಯಾಂಟ್ ಇರುವಷ್ಟು ದಿನ. ಆ ಮೂರು ವರ್ಷದೊಳಗೆ ಕಂಪನಿ ಕೆಲಸಕ್ಕೂ ಪ್ರಯತ್ನಿಸು. ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿಯ ನಿಯಮ) ಪ್ರಕಾರ ದಾಖಲೆ ಬರೆಯುವ ಅಭ್ಯಾಸ ಇದ್ದವರಿಗೆ ಅಲ್ಲಿ ಬೆಲೆ. ವೀಸಾಕ್ಕೆ ಮುನ್ನ ಬೆಂಗಳೂರಿನಲ್ಲಿ ಟಿ.ಬಿ. ಪರೀಕ್ಷೆ ಮಾಡಿಸು, ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು.

ಇನ್ನು ಚಳಿ. ಮಡಿಕೇರಿಯ ಆಷಾಢ ಕಂಡವಳಿಗೆ ಇಲ್ಲಿನ ಮಳೆ ಲೆಕ್ಕಕ್ಕಿಲ್ಲ. ಕಷ್ಟ ಕೊಡುವುದು ಕತ್ತಲು: ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅಕ್ಟೋಬರಿನಿಂದ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊ, ಇಲ್ಲಿನ ಸರ್ಕಾರದ ಸಲಹೆಯೂ ಅದೇ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬಾಟಲಿಯನ್ನು ಚೆಕ್-ಇನ್ ಲಗೇಜಿನಲ್ಲಿ ಬಿಗಿಯಾಗಿ ಸುತ್ತಿ ಇಡು, ಕಾಫಿಪುಡಿಗೂ ಅಡ್ಡಿಯಿಲ್ಲ. ಅಮ್ಮ ಎಷ್ಟೇ ಒತ್ತಾಯ ಮಾಡಿದರೂ ಹಂದಿ ಉಪ್ಪಿನಕಾಯಿ, ತುಪ್ಪ ಬೇಡ. ಮಾಂಸ, ಹಾಲಿನ ಪದಾರ್ಥ ಕಂಡರೆ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ.