ಮೇಷ್ಟ್ರ ರಾಗ, ಅಭ್ಯರ್ಥಿಯ ಹೆಸರು

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕ, ಸೇವೆಯಲ್ಲಿದ್ದಷ್ಟು ಕಾಲ ಯಾವ ಪಕ್ಷದ ಬಾವುಟವನ್ನೂ ಹಿಡಿದವನಲ್ಲ. 1997ರಲ್ಲಿ ನಮ್ಮೂರಿನ ಕೆರೆಯ ಮೇಲೊಂದು ಹಾಡು ಬರೆದು ನಾನೇ ರಾಗ ಹಾಕಿದ್ದೆ. ಕ್ಯಾಸೆಟ್ ಕಂಪನಿಯೊಂದು 2,000 ರೂಪಾಯಿ ಕೊಟ್ಟು, ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಧ್ವನಿಮುದ್ರಣ ಮಾಡಿತು. ಕಳೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರ ಪ್ರಚಾರದ ಆಟೊದಿಂದ ಅದೇ ರಾಗ ಕೇಳಿಬಂತು. ಕೆರೆಯನ್ನು ಕರೆದ ಕಡೆಯೆಲ್ಲ ಅಭ್ಯರ್ಥಿಯ ಹೆಸರು ಸೇರಿಸಿ ಬೇರೆಯವರಿಂದ ಹಾಡಿಸಿದ್ದರು. ‘ಮೇಷ್ಟ್ರೇ, ಯಾವಾಗ ಪಕ್ಷ ಸೇರಿದಿರಿ?’ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದರು. ವಿಚಾರಿಸಿದಾಗ ಅಭ್ಯರ್ಥಿಯ ಕಡೆಯವರು, ‘ಜನಪದ ಹಾಡು ಅಂದುಕೊಂಡೆವು. ಮದುವೆ ಮೆರವಣಿಗೆಯಲ್ಲಿ ಯಾರ ಅಪ್ಪಣೆ ಕೇಳಿ ಹಾಡು ಹಾಕುತ್ತಾರೆ?’ ಎಂದರು. ಸಿನಿಮಾ ಹಾಡಾದರೆ ಕಂಪನಿಯೇ ನ್ಯಾಯಾಲಯಕ್ಕೆ ಹೋಗುತ್ತದೆ. ನನ್ನಂಥವನಿಗೆ ದಾರಿಯಿದೆಯೇ?
– ನಿವೃತ್ತ ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಉತ್ತರ: ದಾರಿಯಿದೆ, ಮೇಷ್ಟ್ರೇ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಎರಡು ಸಲವೂ ವಿದ್ಯಾರ್ಥಿಗಳ ಆ ಪ್ರಶ್ನೆಯ ಹತ್ತಿರ ನಿಂತುಬಿಟ್ಟೆ. ಸರ್ಕಾರಿ ಶಾಲೆಯಲ್ಲಿದ್ದಷ್ಟು ಕಾಲ ನೀವು ಯಾವ ಬಾವುಟವನ್ನೂ ಹಿಡಿದವರಲ್ಲ ಎಂದು ಬರೆದಿದ್ದೀರಿ. ಈಗ ಯಾರೋ ನಿಮ್ಮ ರಾಗದ ಕೈಗೆ ಬಾವುಟ ಕೊಟ್ಟು ಬೀದಿ ಸುತ್ತಿಸಿದ್ದಾರೆ. ನನ್ನ ತಂದೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅವರು ಕಟ್ಟಿದ ರಾಗವೊಂದನ್ನು ಮತ್ತೊಬ್ಬರು ತಮ್ಮದೆಂದು ಹಾಡುತ್ತಿದ್ದರು. ಅದು ರೇಡಿಯೊದಲ್ಲಿ ಬಂದಾಗ ತಂದೆ ಎದ್ದು ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದರು. ನಾನು ವಕೀಲಿ ಓದಿದ್ದಕ್ಕೆ ಅದೂ ಒಂದು ಕಾರಣ.

ಮೊದಲು ಆ ಒಂದು ಹಾಳೆಯನ್ನು ಹುಡುಕಿ. ಹಕ್ಕು ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಬರೆದಿದೆಯೇ? ಬರೆದಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಐದೇ ವರ್ಷದ ವರ್ಗಾವಣೆ. ಅಂದರೆ 2002ರಲ್ಲೇ ಸಾಹಿತ್ಯವೂ ರಾಗವೂ ನಿಮಗೆ ಮರಳಿವೆ. ಧ್ವನಿಮುದ್ರಣ ಕಂಪನಿಯದೇ ಇರಬಹುದು, ಆದರೆ ಅಭ್ಯರ್ಥಿಯ ಕಡೆಯವರು ಆ ಕ್ಯಾಸೆಟ್ಟನ್ನು ಹಾಕಿಲ್ಲ, ನಿಮ್ಮ ರಾಗಕ್ಕೆ ಹೊಸ ಮಾತು ಕೂರಿಸಿದ್ದಾರೆ. ರಾಗ ನಿಮ್ಮದು. ಹಾಳೆಯಲ್ಲಿ ‘ಶಾಶ್ವತವಾಗಿ’ ಎಂದೇ ಇದ್ದರೂ ಎದೆಗುಂದಬೇಡಿ. 57ನೇ ಕಲಮು ಕೃತಿಕಾರನಿಗೆ ಕೊಟ್ಟಿರುವ ವಿಶೇಷ ಹಕ್ಕು ಮಾರಿದ ಮೇಲೂ ಉಳಿಯುತ್ತದೆ. ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯಾಜ್ಞೆ ಕೇಳಬಹುದು, ಪರಿಹಾರವನ್ನೂ ಕೇಳಬಹುದು.

ಮದುವೆ ಮೆರವಣಿಗೆಯ ಮಾತು ಅರ್ಧ ಸತ್ಯ. 52ನೇ ಕಲಮು ಧಾರ್ಮಿಕ ಸಮಾರಂಭಕ್ಕೂ, ಮದುವೆಯ ಮೆರವಣಿಗೆಗೂ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭಕ್ಕೂ ವಿನಾಯಿತಿ ಕೊಟ್ಟಿದೆ. ಮತ ಕೇಳುವ ಆಟೊ ಈ ಮೂರರಲ್ಲಿ ಒಂದೂ ಅಲ್ಲ.

‘ಜನಪದ’ ಎಂಬ ನೆಪಕ್ಕೆ ಮಾತ್ರ ನೀವು ಸಿದ್ಧರಾಗಿರಬೇಕು. ಸೋಬಾನೆಯದೋ ಕೋಲಾಟದ್ದೋ ಹಳೆಯ ಧಾಟಿಯನ್ನು ಆಧರಿಸಿ ರಾಗ ಹಾಕಿದ್ದರೆ, ಆ ಧಾಟಿ ಎಲ್ಲರದು. ನೀವು ಸೇರಿಸಿದ್ದಷ್ಟೇ ನಿಮ್ಮದು. ನೆನಪಿಸಿಕೊಂಡು ಇದ್ದದ್ದನ್ನು ಇದ್ದಂತೆ ನಿಮ್ಮ ವಕೀಲರಿಗೆ ಹೇಳಿ. ಸ್ವಂತದ ರಾಗವೇ ಆಗಿದ್ದರೆ, ಊರೆಲ್ಲ ಹಾಡಿದ ಮಾತ್ರಕ್ಕೆ ಅದು ಅನಾಥವಾಗುವುದಿಲ್ಲ. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವೂ ಅಲ್ಲ. ಹಾಡು ಬರೆದ ಹಳೆಯ ನೋಟ್‌ಬುಕ್, ಹೆಸರು ಅಚ್ಚಾದ ಕ್ಯಾಸೆಟ್ಟಿನ ಹೊದಿಕೆ, ಆಗ ನಿಮ್ಮೊಡನೆ ಹಾಡಿದವರ ಹೇಳಿಕೆ ಇವೆಲ್ಲ ಸಾಕ್ಷ್ಯವೇ.

ಮಾತು ಬದಲಿಸಿ ಹಾಡಿಸುವ ಈ ಚಾಳಿ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೆನೆಟ್ ಸ್ಥಾನಕ್ಕೆ ಪಕ್ಷದ ಟಿಕೆಟ್ ಬಯಸಿದ್ದ ಚಾರ್ಲ್ಸ್ ಡಿವೋರ್, ಗಾಯಕ ಡಾನ್ ಹೆನ್ಲಿಯವರ ಎರಡು ಹಾಡುಗಳಿಗೆ ರಾಜಕೀಯದ ಮಾತು ಸೇರಿಸಿ ವಿಡಿಯೊ ಮಾಡಿದರು. ಅಣಕವಾಡಿನ ಸ್ವಾತಂತ್ರ್ಯ ತಮಗಿದೆ ಎಂದು ವಾದಿಸಿದರು. 2010ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನೀವು ಹೇಳಿದ ಸಿನಿಮಾ ಹಾಡಿನ ಪ್ರಕರಣವೂ ನೆನಪಾಗುತ್ತದೆ. ಕೆಜಿಎಫ್ ಎರಡನೇ ಭಾಗದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಬಳಸಿದ್ದಕ್ಕೆ ಬೆಂಗಳೂರಿನ ಸಂಗೀತ ಕಂಪನಿ ದಾವೆ ಹೂಡಿತು. 2022ರ ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು, ಆದರೆ ಆಕ್ಷೇಪಿಸಿದ ವಿಡಿಯೊಗಳನ್ನು ಅಳಿಸಬೇಕೆಂಬ ಷರತ್ತಿನ ಮೇಲೆ. ಇನ್ನೊಮ್ಮೆ ಇನ್ನೊಂದು ಪಕ್ಷ ಹೀಗೆ ಮಾಡಿದರೂ ನನ್ನ ಉತ್ತರ ಇದೇ.

ಅಷ್ಟು ದೊಡ್ಡ ಕಂಪನಿಗೆ ವಕೀಲರ ಪಡೆಯಿತ್ತು, ನಿಮಗಿಲ್ಲ ನಿಜ. ಆದರೆ 62ನೇ ಕಲಮು ನಿಮ್ಮಂಥವರನ್ನು ನೆನೆದೇ ಬರೆದಂತಿದೆ. ಎದುರಾಳಿ ಎಲ್ಲಿದ್ದರೂ, ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ, ಆದ್ದರಿಂದ ತಡಮಾಡಬೇಡಿ.

ಅದಕ್ಕೂ ಮೊದಲು ವಕೀಲರ ಮೂಲಕ ನೋಟಿಸ್ ಕಳುಹಿಸಿ. ಆ ಧ್ವನಿಮುದ್ರಿಕೆಯನ್ನು ಮೊಬೈಲಿನಿಂದ, ಜಾಲತಾಣದಿಂದ ಅಳಿಸಬೇಕು. ಇನ್ನು ಮುಂದೆ ಬಳಸುವುದಿಲ್ಲ ಎಂದು ಬರೆದುಕೊಡಬೇಕು ಎಂದು ಕೇಳಿ. ಅವರು ನಿಮ್ಮ ಕ್ಷಮೆ ಕೇಳಬೇಕೆಂದೂ ಬರೆಸಿ. ಅಮೆರಿಕದ ಫ್ಲಾರಿಡಾ ರಾಜ್ಯದ ಗವರ್ನರ್ ಆಗಿದ್ದ ಚಾರ್ಲಿ ಕ್ರಿಸ್ಟ್, ತಮ್ಮ ಪ್ರಚಾರದಲ್ಲಿ ಗಾಯಕ ಡೇವಿಡ್ ಬರ್ನ್ ಅವರ ಹಾಡು ಬಳಸಿದ್ದಕ್ಕೆ 2011ರಲ್ಲಿ ಕ್ಯಾಮೆರಾದ ಮುಂದೆ ಕುಳಿತು ಕ್ಷಮೆ ಕೇಳಿದರು. ನಿಮ್ಮ ಊರಿಗೆ ವಿಡಿಯೊ ಬೇಕಿಲ್ಲ. ‘ಈ ಹಾಡು ಮೇಷ್ಟ್ರದು, ಅವರನ್ನು ಕೇಳದೆ ಬಳಸಿದೆವು, ಅವರು ನಮ್ಮ ಪಕ್ಷದವರಲ್ಲ’ ಎಂದು ಅದೇ ಆಟೊದಲ್ಲಿ, ಅದೇ ಬೀದಿಗಳಲ್ಲಿ, ಅದೇ ಧ್ವನಿವರ್ಧಕದಿಂದ ಹೇಳಿಸಬೇಕೆಂದು ನೋಟಿಸಿನಲ್ಲಿ ಬರೆಸಿ.