ಅರ್ಧ ಮಶೀನ್ ಎದ್ದವು, ಅರ್ಧ ಏಳಲೇ ಇಲ್ಲ
ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಬಾಗಲಕೋಟೆಯಿಂದ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ‘ಫಾರ್ಮ್ಯಾಟ್ ಹೊಡೆದೆವು, ಆದರೂ ಸರಿ ಹೋಗಲಿಲ್ಲ.’ ನಮ್ಮ ಕಡೆ ಫಾರ್ಮ್ಯಾಟ್ ಅಂದರೆ ಜ್ವರಕ್ಕೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಇದ್ದ ಹಾಗೆ. ಚುಚ್ಚಿಸಿಕೊಂಡು ಬಂದರೆ ಮನಸ್ಸಿಗೆ ಸಮಾಧಾನ. ನವನಗರದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಅದೇ ಇಂಜೆಕ್ಷನ್ ಮಾಡಿ ಹೊಟ್ಟೆ ಹೊರೆದವನು ನಾನು. ಹಾಗಾಗಿ ಜಾಸ್ತಿ ಬೈಯುವ ಹಾಗಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿಗೆ ಒಂದು ಕಚೇರಿಯವರು 24 ಹಳೇ ಕಂಪ್ಯೂಟರ್ ದಾನ ಕೊಟ್ಟರು. ಒಂದೊಂದಕ್ಕೂ ಪೆನ್‌ಡ್ರೈವ್ ಹಾಕಿ ಕೂರುವುದು ಬೇಡ ಅಂತ ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಲಿನಕ್ಸ್ ಹಾಕಲು ಹೊರಟೆವು. 11 ಮಶೀನ್‌ಗಳಿಗೆ ಆಯಿತು. ಉಳಿದವುಗಳಲ್ಲಿ ಕೆಲವು ‘ಪಿಎಕ್ಸ್‌ಇ-ಇ53’, ಕೆಲವು ‘ಪಿಎಕ್ಸ್‌ಇ-ಇ32’ ಅಂತ ತೋರಿಸಿ ನಿಂತವು. ಮರುದಿನ ಅವುಗಳಲ್ಲೇ ಎರಡು ತಾವಾಗಿ ಸರಿಯಾದವು. ಕೇಬಲ್ ಬದಲಿಸಿದೆವು, ಕೇಬಲ್‌ಗಳೆಲ್ಲ ಕೂಡುವ ಸ್ವಿಚ್ ಬದಲಿಸಿದೆವು, ಸರ್ವರ್‌ಗೇ ಫಾರ್ಮ್ಯಾಟ್ ಹೊಡೆದೆವು. (ಲ್ಯಾಬ್ ನೋಡಿಕೊಳ್ಳುವವರು, ಜಮಖಂಡಿ)

ಸರ್, ಎಲ್ಲರೂ ‘ಎರರ್ ಬಂತು’ ಅಂತ ಬರೆಯುತ್ತಾರೆ, ನಂಬರ್ ಬರೆಯುವುದಿಲ್ಲ. ನೀವು ಬರೆದಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಪಿಎಕ್ಸ್‌ಇ ಅಂದರೆ ಮಶೀನ್ ನೆಟ್‌ವರ್ಕ್‌ನಿಂದ ಏಳುವ ವಿಧಾನ. ಹಾಗೆ ಏಳುವ ಮಶೀನ್, ಸೆಕ್ಟರ್ ನಂಬರ್ ಗೊತ್ತಿಲ್ಲದೆ ನವನಗರದಲ್ಲಿ ಬಸ್ ಇಳಿದ ನೆಂಟನ ಹಾಗೆ. ಅದಕ್ಕೆ ತನ್ನ ಅಡ್ರೆಸ್ಸೂ ಗೊತ್ತಿಲ್ಲ, ಹೋಗಬೇಕಾದ ಮನೆಯೂ ಗೊತ್ತಿಲ್ಲ. ನಿಂತಲ್ಲೇ ಜೋರಾಗಿ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಓಗೊಟ್ಟು ಒಂದು ಐಪಿ ಅಡ್ರೆಸ್ ಕೊಡುತ್ತದೆ. ಯಾರೂ ಓಗೊಡದಿದ್ದರೆ ಬರುವುದು ಇ51. ಅಡ್ರೆಸ್ ಸಿಕ್ಕಿತು, ಆದರೆ ಯಾವ ಫೈಲಿನಿಂದ ಬೂಟ್ ಆಗಬೇಕು (ಏಳಬೇಕು) ಅಂತ ಯಾರೂ ಹೇಳಲಿಲ್ಲ ಅಂದರೆ ಇ53. ಫೈಲಿನ ಹೆಸರೂ ಸಿಕ್ಕಿತು, ಆದರೆ ಅದನ್ನು ಕೊಡುವ ಟಿಎಫ್‌ಟಿಪಿ ಸರ್ವರ್ ಉತ್ತರ ಕೊಡಲಿಲ್ಲ ಅಂದರೆ ಇ32. ಮೂರು ನಂಬರ್, ಮೂರು ಬೇರೆ ಬೇರೆ ಬಾಗಿಲು. ಹೊಸ ಯುಇಎಫ್‌ಐ (ಹಳೇ ಬಯೋಸ್ ಜಾಗಕ್ಕೆ ಬಂದ ಹೊಸ ನಮೂನೆ) ಮಶೀನ್‌ಗಳಲ್ಲಿ ನಂಬರ್ ಬೇರೆ. ಅಲ್ಲಿ ಇ16 ಅಂದರೆ ಅಡ್ರೆಸ್ ಕೊಡುವವರು ಸಿಗಲಿಲ್ಲ, ಇ18 ಅಂದರೆ ಸರ್ವರ್ ಉತ್ತರ ಕೊಡಲಿಲ್ಲ ಅಂತ ಓದಿಕೊಳ್ಳಿ.

ನಿಮ್ಮಲ್ಲಿ ಇ51 ಒಂದೂ ಇಲ್ಲ. ಅಂದರೆ ಎಲ್ಲಾ ಮಶೀನ್‌ಗಳಿಗೂ ಯಾರೋ ಅಡ್ರೆಸ್ ಕೊಡುತ್ತಿದ್ದಾರೆ. ಕೇಬಲ್ ಸರಿ ಇದೆ, ಸ್ವಿಚ್ ಸರಿ ಇದೆ. ಇವತ್ತು ಕೆಟ್ಟದ್ದು ನಾಳೆ ತಾನಾಗಿ ಸರಿಯಾಗುತ್ತದೆ ಅಂದರೆ ಮಶೀನ್ ದೋಷವೂ ಅಲ್ಲ. ನಿಮ್ಮ ಲ್ಯಾಬಿನಲ್ಲಿ ಅಡ್ರೆಸ್ ಹಂಚುವವರು ಇಬ್ಬರಿದ್ದಾರೆ ಸರ್. ಒಬ್ಬ ನಿಮ್ಮ ಸರ್ವರ್. ಇನ್ನೊಬ್ಬ ಕಳ್ಳ. ಬಹಳಷ್ಟು ಸಲ ಯಾರು ಮೊದಲು ಓಗೊಡುತ್ತಾರೋ ಅವರ ಮಾತನ್ನು ಮಶೀನ್ ನಂಬಿಬಿಡುತ್ತದೆ. ಕಳ್ಳ ಅಡ್ರೆಸ್ ಮಾತ್ರ ಕೊಡುತ್ತಾನೆ, ಬೂಟ್ ಫೈಲಿನ ಸುದ್ದಿಯೇ ಅವನಿಗೆ ಗೊತ್ತಿಲ್ಲ. ಅದು ಇ53. ಫೈಲಿನ ಹೆಸರು ನಿಮ್ಮ ಸರ್ವರ್‌ನಿಂದ, ಅಡ್ರೆಸ್ ಕಳ್ಳನಿಂದ ಸಿಕ್ಕಿದರೆ ಸರ್ವರ್ ತನಕ ದಾರಿಯೇ ಇರುವುದಿಲ್ಲ. ಅದು ಇ32.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ ಇದೆ. ಹಿಂದೊಮ್ಮೆ ಒಂದು ಕಾಲೇಜಿನಲ್ಲಿ ನಾನೂ ನಿಮ್ಮ ಹಾಗೆಯೇ ಎರಡು ದಿನ ಹಾಳು ಮಾಡಿಕೊಂಡೆ. ಸ್ವಿಚ್ ಸುಟ್ಟಿದೆ ಅಂತ ಹೊಸದನ್ನೂ ತರಿಸಿದ್ದೆ. ಕೊನೆಗೆ ಕೇಬಲ್ ಹಿಡಿದುಕೊಂಡು ಹೋದರೆ ಸಿಕ್ಕಿದ್ದು ಸ್ಟಾಫ್ ರೂಮಿನ ಅಲ್ಮೇರಾ ಮೇಲೆ. ಉತ್ತರಪತ್ರಿಕೆ ಕಟ್ಟುಗಳ ಹಿಂದೆ, ಬೆರಳುದ್ದ ಧೂಳಿನ ಕೆಳಗೆ, ಹಸಿರು ದೀಪ ಮಿಣಮಿಣ ಅನ್ನುತ್ತಾ ಒಂದು ವೈಫೈ ರೌಟರ್ ಕೂತಿತ್ತು. ಯಾರೋ ಮೇಷ್ಟ್ರು ಮೊಬೈಲಿಗೆ ನೆಟ್ ಬರಲಿ ಅಂತ ಮನೆಯ ಹಳೇ ರೌಟರ್ ತಂದು ಗೋಡೆಯ ಪಾಯಿಂಟಿಗೆ ಸಿಕ್ಕಿಸಿದ್ದರು. ಅದೂ ‘ವ್ಯಾನ್’ ಅಂತ ಬರೆದ ತೂತಿಗೆ ಹಾಕದೆ ‘ಲ್ಯಾನ್’ ಅಂತ ಬರೆದ ತೂತಿಗೆ. ಹಾಗೆ ಹಾಕಿದರೆ ಆ ರೌಟರ್ ಇಡೀ ಕಾಲೇಜಿಗೆ ಯಜಮಾನನಾಗಿ ಅಡ್ರೆಸ್ ಹಂಚಲು ಶುರು ಮಾಡುತ್ತದೆ.

ನಿಮ್ಮ ಕಳ್ಳನನ್ನು ಹಿಡಿಯುವುದು ಹೀಗೆ. ಇ32 ಬಂದ ಮಶೀನಿನ ಪರದೆಯಲ್ಲಿ ಎರರ್‌ಗಿಂತ ಮೇಲಿನ ಸಾಲು ನೋಡಿ. ‘ಕ್ಲೈಂಟ್ ಐಪಿ’ ಪಕ್ಕದಲ್ಲಿ ‘ಡಿಎಚ್‌ಸಿಪಿ ಐಪಿ’ ಅಂತ ಇರುತ್ತದೆ. ಅದು ನಿಮ್ಮ ಸರ್ವರ್ ನಂಬರ್ ಅಲ್ಲದಿದ್ದರೆ ಮಾತು ಮುಗಿಯಿತು. 192.168.0.1 ಅಥವಾ 192.168.1.1 ಇದ್ದರಂತೂ ಮನೆ ರೌಟರೇ ಅಂತ ಹತ್ತಿರ ಹತ್ತಿರ ಗ್ಯಾರಂಟಿ. ಆಮೇಲೆ ಒಂದು ವಿಂಡೋಸ್ ಲ್ಯಾಪ್‌ಟಾಪನ್ನು ಅದೇ ಸ್ವಿಚ್ಚಿಗೆ ಹಾಕಿ. ಕಳ್ಳ ಅಡ್ರೆಸ್ ಸಿಗುವ ತನಕ ಕೇಬಲ್ ತೆಗೆದು ಹಾಕಿ ಮಾಡಿ. ಸಿಕ್ಕ ಕೂಡಲೇ ಆ ರೌಟರ್ ನಂಬರಿಗೆ ನಿಲ್ಲದೆ ಪಿಂಗ್ ಹೋಗುವ ಹಾಗೆ ಬಿಡಿ (ಪಿಂಗ್ ಅಂದರೆ ‘ಇದ್ದೀಯಾ?’ ಅಂತ ಕೇಳುವ ಕಮಾಂಡ್, ಅದಕ್ಕೆ ‘-ಟಿ’ ಸೇರಿಸಿದರೆ ನಿಲ್ಲುವುದಿಲ್ಲ). ಈಗ ಸ್ವಿಚ್ಚಿನಿಂದ ಒಂದೊಂದೇ ಕೇಬಲ್ ಕೀಳುತ್ತಾ ಬನ್ನಿ. ಒಬ್ಬ ಹುಡುಗ ಪರದೆ ನೋಡುತ್ತಿರಲಿ. ಯಾವ ಕೇಬಲ್ ಕಿತ್ತಾಗ ಪಿಂಗ್ ನಿಲ್ಲುತ್ತದೋ ಕಳ್ಳ ಅದರ ಆ ತುದಿಯಲ್ಲಿ ಇದ್ದಾನೆ. ಹೋಗಿ ಕೇಬಲನ್ನು ವ್ಯಾನ್ ತೂತಿಗೆ ಹಾಕಿ, ಇಲ್ಲವೇ ರೌಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಮೇಷ್ಟ್ರ ಮೇಲೆ ರೇಗಬೇಡಿ, ಪಾಪ ಅವರಿಗೂ ನೆಟ್ ಬೇಕಲ್ವಾ.

ಇನ್ನೊಂದು ಮಾತು. ಮುಂದೆ ದೊಡ್ಡ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಹಾಕಿಸಿದಾಗ ಎಲ್ಲಾ ಮಶೀನೂ ಒಟ್ಟಿಗೆ ಇ51 ಅಂದರೆ ಸ್ವಿಚ್ಚಿನ ‘ಸ್ಪ್ಯಾನಿಂಗ್ ಟ್ರೀ’ ನೋಡಿ. ಕೇಬಲ್‌ಗಳು ಸುತ್ತು ಬೀಳದ ಹಾಗೆ ಕಾಯುವ ವ್ಯವಸ್ಥೆ ಅದು. ಕೇಬಲ್ ಎದ್ದ ಮೇಲೆ 15 ಸೆಕೆಂಡ್ ಕೇಳಿಸಿಕೊಂಡು, ಇನ್ನೂ 15 ಸೆಕೆಂಡ್ ಕಲಿತು, ಆಮೇಲೆ ಅದು ದಾರಿ ಬಿಡುತ್ತದೆ. ಅಷ್ಟರಲ್ಲಿ ಮಶೀನ್ ಕೂಗಿ ಕೂಗಿ ಸುಸ್ತಾಗಿರುತ್ತದೆ. ಕಂಪ್ಯೂಟರ್ ಇರುವ ಪೋರ್ಟ್‌ಗಳಿಗೆ ಮಾತ್ರ, ಕಾಯಿಸದೆ ದಾರಿ ಬಿಡುವ ‘ಪೋರ್ಟ್‌ಫಾಸ್ಟ್’ ಆನ್ ಮಾಡಿಸಿ.

ಪ್ರಶ್ನೆ: ಫ್ಯಾಕ್ಟರಿಗೆ 6 ಹೊಸ ಡೆಸ್ಕ್‌ಟಾಪ್ ಬಂದಿವೆ. ನೆಟ್‌ವರ್ಕ್‌ನಿಂದಲೇ ಬೂಟ್ ಆಗುತ್ತವೆ, ವಿಂಡೋಸ್ ಸೆಟಪ್ ಪರದೆಯೂ ಬರುತ್ತದೆ. ಆಮೇಲೆ ‘ನೆಟ್‌ವರ್ಕ್ ಇಲ್ಲ’ ಅನ್ನುತ್ತದೆ. ಹಳೇ ಮಶೀನ್‌ಗಳಿಗೆ ಇದೇ ಸರ್ವರ್ ಸರಿ ಇದೆ. ನೆಟ್‌ವರ್ಕ್‌ನಿಂದ ಬಂದವನೇ ನೆಟ್‌ವರ್ಕ್ ಇಲ್ಲ ಅಂದರೆ ಹೇಗೆ? (ಉದ್ಯಮಬಾಗ, ಬೆಳಗಾವಿ)

ಪ್ರಶ್ನೆ ಓದಿ ನಕ್ಕೆ, ಆದರೆ ಒಳ್ಳೆಯ ಪ್ರಶ್ನೆ. ಒಂದೇ ನೆಟ್‌ವರ್ಕ್ ಕಾರ್ಡನ್ನು ಇಲ್ಲಿ ಇಬ್ಬರು ಓಡಿಸುತ್ತಾರೆ. ಮೊದಲು ಓಡಿಸುವುದು ಮದರ್‌ಬೋರ್ಡಿನೊಳಗೇ ಇರುವ ಪ್ರೋಗ್ರಾಂ. ಬೂಟ್ ಇಮೇಜ್ (ಸರ್ವರ್ ಕಳಿಸುವ ಬೂಟ್ ಫೈಲುಗಳ ಕಟ್ಟು) ಪೂರ್ತಿ ಇಳಿದ ಮೇಲೆ ಸ್ಟೇರಿಂಗ್ ವಿಂಡೋಸ್ ಪಿಇ ಕೈಗೆ ಹೋಗುತ್ತದೆ. ವಿಂಡೋಸ್ ಪಿಇ ಅಂದರೆ ಸೆಟಪ್ ನಡೆಸುವ ಚಿಕ್ಕ ವಿಂಡೋಸ್. ಅದಕ್ಕೆ ತನ್ನದೇ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಂ ಬೇಕು. ನಿಮ್ಮ ಬೂಟ್ ಇಮೇಜ್ ಹಳೇದು, ಕಾರ್ಡ್ ಹೊಸದು.

ಊಹೆ ಬೇಡ, ನೋಡಿಯೇ ಬಿಡಿ. ಆ ಪರದೆಯಲ್ಲಿ ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಐಪಿಕಾನ್ಫಿಗ್ ಕಮಾಂಡ್ ಕೊಡಿ. ಏನೂ ಬರದೆ ಬರೀ ತಲೆಬರಹ ಬಂದರೆ ಡ್ರೈವರ್ ಇಲ್ಲ. 169.254ರಿಂದ ಶುರುವಾಗುವ ಅಡ್ರೆಸ್ ಬಂದರೆ ಡ್ರೈವರ್ ಇದೆ, ಡಿಎಚ್‌ಸಿಪಿ ಉತ್ತರ ಸಿಕ್ಕಿಲ್ಲ. ಆಗ ಮೇಲಿನ ಜಮಖಂಡಿ ಉತ್ತರ ಓದಿ. ನಿಮ್ಮದು ಮೊದಲನೇದು ಅಂತ ನನ್ನ ಲೆಕ್ಕ.

ಒಂದು ಮಶೀನಿಗೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡಿನ ಹಾರ್ಡ್‌ವೇರ್ ಐಡಿ ನೋಡಿ. ‘ವೆನ್’ ಆದ ಮೇಲೆ 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. ಆ ಡ್ರೈವರ್ ತನ್ನಿ. ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡುವ ಫೈಲ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಬಿಚ್ಚಿದ ಫೋಲ್ಡರಿನಲ್ಲಿ ಐಎನ್‌ಎಫ್ ಫೈಲ್ ಇರಬೇಕು. ಪೆನ್‌ಡ್ರೈವ್‌ನಲ್ಲಿ ಅದನ್ನು ಒಯ್ದು, ಅದೇ ಕಪ್ಪು ಕಿಟಕಿಯಲ್ಲಿ ‘ಡಿಆರ್‌ವಿಲೋಡ್’ ಕಮಾಂಡಿಗೆ ಆ ಐಎನ್‌ಎಫ್ ಹೆಸರು ಕೊಟ್ಟು ಪರೀಕ್ಷೆ ಮಾಡಿ. ಅಡ್ರೆಸ್ ಬಂತೋ, ಡ್ರೈವರ್ ಸರಿಯಾದದ್ದೇ. ಆಮೇಲೆ ಡಿಸ್ಮ್ ಕಮಾಂಡಿನಿಂದ ಬೂಟ್ ಇಮೇಜಿಗೆ ಸೇರಿಸಿ, ಸರ್ವರ್‌ನಲ್ಲಿ ಹಳೇದನ್ನು ಬದಲಿಸಿ. ಬದಲಿಸುವುದನ್ನೇ ಮರೆತು ಅರ್ಧ ದಿನ ತಲೆ ಕೆರೆದುಕೊಂಡವರು ಬಹಳ ಮಂದಿ, ನನ್ನನ್ನೂ ಸೇರಿಸಿ.

ಸೌಂಡು, ಗ್ರಾಫಿಕ್ಸ್, ಪ್ರಿಂಟರ್ ಎಲ್ಲಾ ಅದರಲ್ಲಿ ತುರುಕಬೇಡಿ. ಬೂಟ್ ಇಮೇಜಿಗೆ ಬೇಕಾದ್ದು ನೆಟ್‌ವರ್ಕ್ ಮತ್ತು ಡಿಸ್ಕ್ ಡ್ರೈವರ್ ಎರಡೇ. ‘ಎಲ್ಲಾ ಡ್ರೈವರ್ ಒಂದರಲ್ಲೇ’ ಅನ್ನುವ ಡಿವಿಡಿ, ಸಾಫ್ಟ್‌ವೇರ್‌ಗಳನ್ನಂತೂ ನಾನು ಅಂಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ 11ನೇ ಜನರೇಷನ್ ಐ5. ವಿಂಡೋಸ್ ಹಾಕುವಾಗ ಡಿಸ್ಕ್ ಪಟ್ಟಿ ಖಾಲಿ. ಅಂಗಡಿಯವರು ‘ಎಸ್‌ಎಸ್‌ಡಿ ಸತ್ತಿದೆ, ಹೊಸದು ಹಾಕಬೇಕು’ ಅಂದರು. (ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ)

ದುಡ್ಡು ಕೊಡಬೇಡ ತಮ್ಮಾ. ಮೊದಲು ಬಯೋಸ್ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ನೋಡು. ಅಲ್ಲಿ ಎಸ್‌ಎಸ್‌ಡಿ ಹೆಸರು ಕಾಣುತ್ತಿದ್ದರೆ ಅದು ಸತ್ತಿಲ್ಲ. 11ನೇ ಜನರೇಷನ್ ಬಂದ ಮೇಲೆ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಮತ್ತು ವಿಂಡೋಸ್ ನಡುವೆ ‘ವಿಎಂಡಿ’ ಅಂತ ಒಂದು ಪರದೆ ಇರುತ್ತದೆ. ಸೆಟಪ್‌ಗೆ ಅದರ ಡ್ರೈವರ್ ಗೊತ್ತಿಲ್ಲ ಅಂದರೆ ಡಿಸ್ಕೇ ಕಾಣಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿನ್ನ ಮಾಡೆಲ್ಲಿನ ‘ರ‍್ಯಾಪಿಡ್ ಸ್ಟೋರೇಜ್’ ಡ್ರೈವರ್ ಇಳಿಸಿಕೊಂಡು, ಬಿಚ್ಚಿ, ಪೆನ್‌ಡ್ರೈವ್‌ಗೆ ಹಾಕು. ಖಾಲಿ ಪಟ್ಟಿಯ ಕೆಳಗೇ ‘ಲೋಡ್ ಡ್ರೈವರ್’ ಅಂತ ಇದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡಿಸ್ಕ್ ಕಾಣಬಹುದು. ಆದರೆ ಈಗಾಗಲೇ ಓಡುತ್ತಿರುವ ವಿಂಡೋಸ್ ಇದ್ದರೆ ಆಫ್ ಮಾಡಬೇಡ. ಮರು ಬೂಟಿಗೆ ನೀಲಿ ಪರದೆ ಬರುತ್ತದೆ.

ಪ್ರಶ್ನೆ: ಅಡತಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್. ದಿನಾ ರಾತ್ರಿ ಒಂದರಿಂದ ಇನ್ನೊಂದಕ್ಕೆ 40 ಜಿಬಿ ಬ್ಯಾಕಪ್. ಮೊದಲು ಹತ್ತು ನಿಮಿಷದೊಳಗೆ ಮುಗಿಯುತ್ತಿತ್ತು, ಈಗ ಒಂದು ತಾಸು. ಎರಡಕ್ಕೂ ಹೊಸದಾಗಿ ವಿಂಡೋಸ್ ಹಾಕಿಸಿದೆ. (ಬೆಲ್ಲದ ವ್ಯಾಪಾರಿ, ಮಹಾಲಿಂಗಪುರ)

ಸಾವ್ಕಾರ್ರೇ, ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. 40 ಜಿಬಿಗೆ ಆರೇಳು ನಿಮಿಷ. 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಎಂಬಿ. ಒಂದು ತಾಸು. ಅಂದರೆ ನಿಮ್ಮ ದಾರಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ.

ನೆಟ್‌ವರ್ಕ್ ಕೇಬಲ್‌ನಲ್ಲಿ 8 ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು, ಕಿತ್ತಳೆ ಮತ್ತು ಹಸಿರು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕಡಿದರೂ ಬಹಳಷ್ಟು ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಎರರ್ ಇಲ್ಲ, ಕೆಂಪು ಗುರುತಿಲ್ಲ. ಬಿಲ್ಲಿಂಗ್ ನಡೆಯುತ್ತದೆ, ನೆಟ್ ನಡೆಯುತ್ತದೆ. ದೊಡ್ಡ ಫೈಲ್ ಕಳಿಸಿದಾಗ ಮಾತ್ರ ಬಣ್ಣ ಬಯಲು. ನೆಟ್‌ವರ್ಕ್ ಸ್ಟೇಟಸ್ ಕಿಟಕಿಯಲ್ಲಿ ‘ಸ್ಪೀಡ್’ ಅಂತ ಇರುತ್ತದೆ. 1.0 ಜಿಬಿಪಿಎಸ್ ಇರಬೇಕಾದಲ್ಲಿ 100 ಎಂಬಿಪಿಎಸ್ ಇದ್ದರೆ ಕೇಬಲ್ ಬದಲಿಸಿ. ಇಂಥದೇ ಕೇಸಿಗೆ ಒಂದು ಗೋದಾಮಿಗೆ ಹೋಗಿದ್ದೆ. ಗೋಡೆಯ ಬುಡದಲ್ಲಿ ಕೇಬಲ್ಲಿನ ಮೇಲೆ ಬೆಲ್ಲದ ಪಾಕ ಸೋರಿ ಅಂಟಿತ್ತು. ಆ ಜಾಗದಲ್ಲೇ ಇಲಿ ಕಡಿದು, ಕಂದು ತಂತಿ ಒಂದೇ ಒಂದು ಹಲ್ಲಿನಷ್ಟು ತುಂಡಾಗಿತ್ತು. ನಿಮ್ಮ ಹೊಸ ಕೇಬಲನ್ನು ಪಿವಿಸಿ ಪೈಪಿನೊಳಗೆ, ನೆಲದಿಂದ ಮೇಲೆ ಎಳೆಸಿ.

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ನನ್ನ ಹತ್ತು ವರ್ಷದ ಪಾಠದ ಟಿಪ್ಪಣಿಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿವೆ. ವೈರಸ್ಸೇ? (ಶಿಕ್ಷಕಿ, ಇಳಕಲ್)

ಅಕ್ಕೋರೇ, ಏನೂ ಹಾಳಾಗಿಲ್ಲ. ಅವು ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದವು. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಅದರ ಮೇಲೆ ಕನ್ನಡದ ರೂಪ ಹೊದಿಸುತ್ತಿದ್ದದ್ದು ನುಡಿ ಫಾಂಟು. ಫಾರ್ಮ್ಯಾಟ್ ಮಾಡಿದವರು ಫಾಂಟ್ ವಾಪಸ್ ಹಾಕಿಲ್ಲ. ನುಡಿ ಹಾಕಿಸಿ, ಅಕ್ಷರ ಮರಳುತ್ತವೆ. ಆಮೇಲೆ ಬಿಡುವಾದಾಗ ಕನ್ವರ್ಟರ್‌ನಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರುವ ಪದ್ಧತಿ) ಬದಲಿಸಿಕೊಳ್ಳಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಲ್ಲಿ ಜಾರಿರುತ್ತವೆ.

ಪ್ರಶ್ನೆ: ದಿನಾ ಬೆಳಿಗ್ಗೆ ಕಂಪ್ಯೂಟರ್ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಯಾವ ಸೈಟ್ ತೆರೆದರೂ ‘ಸುರಕ್ಷಿತ ಅಲ್ಲ’ ಅನ್ನುತ್ತದೆ. ಮೂರು ಸಲ ಫಾರ್ಮ್ಯಾಟ್ ಆಯಿತು. (ಅಥಣಿ)

ಮೂರು ಸಲವಾ! ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇದೆ, ನಂಬರ್ ಸಿಆರ್2032. ಕರೆಂಟ್ ತೆಗೆದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದಿದೆ. ಸೈಟುಗಳ ಸರ್ಟಿಫಿಕೇಟಿಗೆ ಶುರುವಿನ ದಿನ, ಕೊನೆಯ ದಿನ ಇರುತ್ತದೆ. ನಿಮ್ಮ ಮಶೀನ್ ಹಳೇ ವರ್ಷದಲ್ಲಿ ಕೂತಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಅದು ತಿಳಿಯುತ್ತದೆ. ವಾಚು ರಿಪೇರಿ ಅಂಗಡಿಯಲ್ಲೂ ಈ ಬ್ಯಾಟರಿ ಸಿಗುತ್ತದೆ. ಪ್ಲಗ್ ಕಿತ್ತು, ಹಳೇದನ್ನು ತೆಗೆದು, ಪ್ಲಸ್ ಗುರುತಿನ ಮುಖ ಮೇಲೆ ಬರುವ ಹಾಗೆ ಕೂರಿಸಿ. ಆಮೇಲೆ ಬಯೋಸ್‌ನಲ್ಲಿ ತಾರೀಖು ಒಮ್ಮೆ ಸರಿ ಮಾಡಿ.